ಸಿಟ್-ಅಪ್, ಲೆಗ್ ರೈಸ್, ಪ್ಲ್ಯಾಂಕ್, ಡೆಡ್ ಬಗ್: ನನ್ನ ಸೊಂಟ ಯಾವುದನ್ನು ಒಪ್ಪಿತು?

22ನೇ ಸಿಟ್-ಅಪ್‌ನಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಎದ್ದು ಕೂತವನಿಗೆ ಮತ್ತೆ ಮಲಗೋಕೂ ಆಗಲಿಲ್ಲ, ನಿಲ್ಲೋಕೂ ಆಗಲಿಲ್ಲ. ಪಕ್ಕಕ್ಕೆ ಹೊರಳಿ, ಅಂಬೆಗಾಲಲ್ಲಿ ಗೋಡೆವರೆಗೂ ಹೋಗಿ, ಅದನ್ನು ಹಿಡಿದು ಎದ್ದೆ. ಮೂರು ದಿನ ಚಪ್ಪಲಿ ಹಾಕಿಕೊಳ್ಳೋದೇ ಒಂದು ಸಾಹಸ. ತಮಾಷೆ ಏನಂದ್ರೆ, ಹೊಟ್ಟೆ ಮಾತ್ರ ಒಂಚೂರೂ ನೋಯುತ್ತಿರಲಿಲ್ಲ. ಹಾಗಾದರೆ ಇಷ್ಟು ದಿನ ದುಡಿದಿದ್ದು ಯಾರು?

ನೋವು ಪೂರ್ತಿ ಹೋದ ಮೇಲೆ ಒಂದೊಂದು ವ್ಯಾಯಾಮಕ್ಕೂ ಮೂರು ವಾರ ಕೊಟ್ಟು ನೋಡಿದೆ. ವಾರಕ್ಕೆ 4 ದಿನ, ದಿನಕ್ಕೆ 10 ನಿಮಿಷ. ಮರುದಿನ ಹಾಸಿಗೆಯಿಂದ ಏಳುವಾಗ ಸೊಂಟ ಹೇಗಿದೆ ಅಂತ ಒಂದು ಸಾಲು ಬರೆದಿಡುತ್ತಿದ್ದೆ. ನಾನು ಹುಡುಕುತ್ತಿದ್ದದ್ದು ಒಂದನ್ನೇ. ಹೊಟ್ಟೆ ಸುಸ್ತಾಗಿ ಕೈಬಿಟ್ಟಾಗ ಅದು ನನಗೆ ಗೊತ್ತಾಗುತ್ತಾ, ಇಲ್ಲಾ ಭಾರವೆಲ್ಲ ಸುಮ್ನೆ ಸೊಂಟದ ತಲೆಗೆ ಬೀಳುತ್ತಾ?

ಸಿಟ್-ಅಪ್‌ನಿಂದಲೇ ಶುರು ಮಾಡಿದೆ, ಹಟಕ್ಕೆ. ಇದರ ತೊಂದರೆ ಅದರ ಅರ್ಧದಾರಿಯಲ್ಲಿದೆ. ಹೊಟ್ಟೆಯ ಸ್ನಾಯು ಭುಜ, ಮೇಲ್ಬೆನ್ನನ್ನು ನೆಲದಿಂದ ಸುಮಾರು 30 ಡಿಗ್ರಿ ಎತ್ತುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ನಮ್ಮನ್ನು ಕೂರಿಸೋದು ಹೆಚ್ಚಾಗಿ ಸೋಆಸ್ ಅನ್ನೋ ಸ್ನಾಯು. ಇದು ಸೊಂಟದ ಕಶೇರುಗಳಿಂದಲೇ, ಅಂದರೆ ಬೆನ್ನುಮೂಳೆಯ ಮಣಿಗಳಿಂದಲೇ ಹೊರಟು ತೊಡೆಮೂಳೆಗೆ ಹೋಗಿ ಸೇರುತ್ತದೆ. ಹಾಗಾಗಿ ಅದು ಎಳೆದಾಗಲೆಲ್ಲ ಆ ಕಶೇರುಗಳು ಒಂದರ ಮೇಲೊಂದು ಅದುಮಿಕೊಳ್ಳುತ್ತವೆ. ಪಾದವನ್ನು ಮಂಚದ ಅಡಿ ಸಿಕ್ಕಿಸಿಕೊಂಡರೆ ಸಿಟ್-ಅಪ್ ಸಲೀಸು ಅನಿಸುತ್ತೆ ಅಲ್ವಾ? ಸಲೀಸಾಗೋದು ಸೋಆಸ್‌ಗೆ, ಹೊಟ್ಟೆಗಲ್ಲ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಅವರ ಲೆಕ್ಕದಲ್ಲಿ, ಒಂದು ಸಿಟ್-ಅಪ್ ಬೆನ್ನಿನ ಮೇಲೆ ಸುಮಾರು 3,300 ನ್ಯೂಟನ್ ಒತ್ತಡ ಹಾಕುತ್ತದೆ. ಅಂದರೆ 330 ಕಿಲೋಗೂ ಜಾಸ್ತಿ ಭಾರ. ಕೆಲಸದ ಜಾಗದಲ್ಲಿ ಭಾರ ಎತ್ತುವವರಿಗೆ ಅಮೆರಿಕದಲ್ಲಿ ಸೂಚಿಸಿರುವ ಮಿತಿಯೇ ಸುಮಾರು 3,400 ನ್ಯೂಟನ್. ಅಲ್ಲಿನ ಸೇನೆ ಕೂಡ ದಶಕಗಳ ಕಾಲ ಎರಡು ನಿಮಿಷದ ಸಿಟ್-ಅಪ್ ಪರೀಕ್ಷೆ ಮಾಡಿಸಿ, 2022ರಲ್ಲಿ ಜಾರಿಗೆ ಬಂದ ಹೊಸ ಪರೀಕ್ಷೆಯಲ್ಲಿ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯ ಹಾಗೆ ನೇರ ಹಿಡಿಯೋದು) ಇಟ್ಟುಕೊಂಡಿತು. ನಾನು ಎರಡನೇ ವಾರಕ್ಕೇ ನಿಲ್ಲಿಸಿದೆ.

ಕ್ರಂಚ್, ಅಂದರೆ ಭುಜವಷ್ಟೇ ಎತ್ತುವ ಅರ್ಧ ಸಿಟ್-ಅಪ್, ಅದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಅರ್ಧಕ್ಕೇ ನಿಲ್ಲುವುದರಿಂದ ಸೋಆಸ್ ಗಲಾಟೆ ಕಡಿಮೆ. ಸೊಂಟ ಸುಮ್ಮನಿತ್ತು, ಕತ್ತು ಸುಮ್ಮನಿರಲಿಲ್ಲ. ತಲೆಯ ಹಿಂದೆ ಕೈ ಕಟ್ಟಿ ಎಳೆಯುವ ಚಾಳಿ ನನಗೆ ಕೊನೆಗೂ ಹೋಗಲಿಲ್ಲ.

ಲೆಗ್ ರೈಸ್ ನನ್ನನ್ನು ಚೆನ್ನಾಗಿ ಯಾಮಾರಿಸಿತು. ಮಲಗಿಕೊಂಡೇ ಎರಡೂ ಕಾಲನ್ನು ಎತ್ತಿ ಇಳಿಸೋದು, ಬೆನ್ನು ನೆಲದ ಮೇಲೇ ಇರುತ್ತದೆ, ಇದರಲ್ಲಿ ಏನು ಅಪಾಯ ಅಂದುಕೊಂಡಿದ್ದೆ. ಆದರೆ ಎರಡೂ ಕಾಲು ಸೇರಿದರೆ ಮೈಯ ತೂಕದ ಮೂರರಲ್ಲಿ ಒಂದು ಪಾಲು. ಅಷ್ಟು ತೂಕವನ್ನು ನೀಟಾಗಿ ಚಾಚಿ ನಿಧಾನಕ್ಕೆ ಇಳಿಸುವಾಗ ಅದೇ ಸೋಆಸ್ ಸೊಂಟವನ್ನು ಮೇಲಕ್ಕೆ ಜಗ್ಗುತ್ತದೆ, ಹೊಟ್ಟೆ ಕೆಳಕ್ಕೆ ಒತ್ತುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಹೊಟ್ಟೆ ಸೋತರೆ ಸೊಂಟ ಕಮಾನಿನ ಹಾಗೆ ಏಳುತ್ತದೆ.

ನನಗೆ ಅದು ಕಂಡಿದ್ದು ಒಂದು ಟವೆಲ್‌ನಿಂದ. ತೆಳ್ಳಗಿನ ಟವೆಲನ್ನು ಸೊಂಟದ ಅಡಿ ಅಡ್ಡಡ್ಡ ಹಾಸಿ, ಅದರ ತುದಿಯನ್ನು ತಂಗಿಯ ಕೈಗೆ ಕೊಟ್ಟೆ. "ಮೆಲ್ಲಗೆ ಎಳೀತಾ ಇರು, ನಾನು ಕಾಲು ಇಳಿಸ್ತೀನಿ" ಅಂದೆ. ಕಾಲು ನೇರ ಮೇಲಿದ್ದಾಗ ಟವೆಲ್ ಅಲುಗಲಿಲ್ಲ. ಅರ್ಧ ಇಳಿಸುವಷ್ಟರಲ್ಲಿ ಸರ್ರನೆ ಜಾರಿ ಅವಳ ಕೈಗೆ ಹೋಯಿತು. "ಅಣ್ಣಾ, ಇಷ್ಟೇನಾ?" ಅಂತ ನಕ್ಕಳು. ಆ ತನಕ ನನ್ನ ಬೆನ್ನು ನೆಲಕ್ಕೆ ಅಂಟಿಕೊಂಡೇ ಇದೆ ಅಂತ ಪ್ರಮಾಣ ಮಾಡಿ ಹೇಳುತ್ತಿದ್ದೆ! ಮಂಡಿ ಮಡಚಿ ಮಾಡಿದಾಗ ಟವೆಲ್ ಉಳಿಯಿತು. ಕಾಲು ಮಡಚಿದರೆ ಭಾರ ಸೊಂಟಕ್ಕೆ ಹತ್ತಿರ ಬರುತ್ತದೆ, ಜಗ್ಗಾಟವೂ ಕಡಿಮೆ.

ಪ್ಲ್ಯಾಂಕ್‌ಗೆ ಒಳ್ಳೆ ಹೆಸರಿದೆ, ಅದಕ್ಕೆ ಯೋಗ್ಯತೆಯೂ ಇದೆ. ಆದರೆ ಗಡಿಯಾರ ನೋಡಿಕೊಂಡು ಮಾಡಿದರೆ ಕೆಟ್ಟಿತು. ಎರಡು ನಿಮಿಷದ ಗುರಿ ಇಟ್ಟ ದಿನಗಳಲ್ಲಿ ನನ್ನ ಸೊಂಟ 40ನೇ ಸೆಕೆಂಡಿಗೇ ಹಳೇ ಜೋಲಿಯ ಹಾಗೆ ಜೋತುಬೀಳುತ್ತಿತ್ತು. ಉಳಿದ 80 ಸೆಕೆಂಡು ಬೆನ್ನಿನದೇ ಪಾಡು. ಕನ್ನಡಿ ಇಲ್ಲದೆ ಅದು ಗೊತ್ತೂ ಆಗುವುದಿಲ್ಲ. ಆಮೇಲೆ 10 ಸೆಕೆಂಡ್ ಹಿಡಿಯೋದು, ಇಳಿಯೋದು, ಮತ್ತೆ ಹಿಡಿಯೋದು, ಹೀಗೆ ಆರು ಸಲ ಮಾಡಿದೆ. ತೊಡೆಯ ಹಿಂದಿನಿಂದ ಪೃಷ್ಠದವರೆಗೂ ಬಿಗಿ ಹಿಡಿದು, ಮೊಣಕೈಯನ್ನು ಪಾದದ ಕಡೆಗೆ ಎಳೆಯುವ ಹಾಗೆ ಒತ್ತಿದರೆ ಆ 10 ಸೆಕೆಂಡಿಗೇ ಮೈ ನಡುಗುತ್ತದೆ. ಬೆಳಗಿನ ಸಾಲಿನಲ್ಲಿ 'ನೋವಿಲ್ಲ' ಅಂತ ಬರೆಯೋಕೆ ಶುರು ಮಾಡಿದ್ದು ಆವಾಗಲೇ.

ಇನ್ನು ಡೆಡ್ ಬಗ್. ಹೆಸರೇ ವಿಚಿತ್ರ, ಭಂಗಿ ಇನ್ನೂ ವಿಚಿತ್ರ. ಅಂಗಾತ ಬಿದ್ದ ಜಿರಳೆಯ ಹಾಗೆ ಕೈ ಮೇಲೆತ್ತಿ, ಮಂಡಿ ಮಡಚಿ ಮಲಗಬೇಕು. ಬಲಗೈಯನ್ನು ತಲೆಯ ಹಿಂದಕ್ಕೆ, ಎಡಗಾಲನ್ನು ಮುಂದಕ್ಕೆ, ಎರಡನ್ನೂ ಒಟ್ಟಿಗೆ ಚಾಚುತ್ತಾ ಉಸಿರು ಪೂರ್ತಿ ಬಿಡಬೇಕು. ಆಮೇಲೆ ಇನ್ನೊಂದು ಕಡೆ. ಉಸಿರು ಬಿಟ್ಟಾಗ ಪಕ್ಕೆಲುಬು ಕೆಳಗಿಳಿದು ಹೊಟ್ಟೆ ತಾನಾಗಿ ಬಿಗಿಯಾಗುತ್ತದೆ. ಇಲ್ಲಿ ತಂಗಿ ಬೇಕಾಗಿಲ್ಲ. ಸೊಂಟ ಎದ್ದರೆ ಅಡಿಯ ಟವೆಲ್ ಮೇಲಿನ ಒತ್ತಡ ಸಡಿಲವಾಗಿದ್ದು ಬೆನ್ನಿಗೇ ಗೊತ್ತಾಗುತ್ತದೆ, ಅಲ್ಲಿಗೆ ಆ ಸುತ್ತು ಮುಗೀತು. ಮೊದಲ ದಿನ ಒಂದೊಂದು ಕಡೆಗೆ ನಾಲ್ಕೇ ಬಂತು. ಬೆವರೂ ಬರಲಿಲ್ಲ, ಮೋಸ ಹೋದೆ ಅಂದುಕೊಂಡೆ. ಮರುದಿನ ನಕ್ಕರೂ ಹೊಟ್ಟೆ ನೋವು.

ಮೆಕ್‌ಗಿಲ್ ಅವರ ಕರ್ಲ್-ಅಪ್ ಕೂಡ ಇದೇ ಜಾತಿಯದು. ಒಂದು ಮಂಡಿ ಮಡಚಿ, ಎರಡೂ ಅಂಗೈಯನ್ನು ಸೊಂಟದ ಅಡಿ ಇಟ್ಟು, ತಲೆ-ಭುಜ ಒಂದಿಷ್ಟೇ ಎತ್ತಿ 10 ಸೆಕೆಂಡ್ ನಿಲ್ಲಿಸೋದು. ಡೆಡ್ ಬಗ್‌ನಲ್ಲಿ ಬೆನ್ನು ಟವೆಲನ್ನು ಒತ್ತಬೇಕು. ಇಲ್ಲಿ ಅಂಗೈಯನ್ನು ಒತ್ತಲೂಬಾರದು, ಬಿಟ್ಟು ಏಳಲೂಬಾರದು, ಸೊಂಟದ ಸಹಜ ಬಾಗು ಇದ್ದ ಹಾಗೇ ಇರಬೇಕು. ಬೆನ್ನು ಬಗ್ಗಿಸಿದರೆ ನೋಯುವವರಿಗೆ ಇದು ಮೇಲು. ನನಗೆ ಕತ್ತಿನ ಕಾರಣಕ್ಕೆ ಡೆಡ್ ಬಗ್‌ಗೇ ಮೊದಲ ಸ್ಥಾನ, 10 ಸೆಕೆಂಡಿನ ಪ್ಲ್ಯಾಂಕ್‌ಗೆ ಎರಡನೆಯದು. ಲೆಗ್ ರೈಸ್ ಮಂಡಿ ಮಡಚಿ ಮಾತ್ರ, ಅದೂ ವಾರಕ್ಕೊಮ್ಮೆ. ಕಾಲಿನವರೆಗೂ ಹರಿಯುವ ನೋವು, ಜೋಮು ಇರುವವರು ಈ ಪಟ್ಟಿ ಬಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.

ವ್ಯಾಯಾಮದ ಹೊತ್ತನ್ನೂ ಬದಲಾಯಿಸಿದೆ. ರಾತ್ರಿ ಮಲಗಿದ್ದಾಗ ಬೆನ್ನಿನ ಡಿಸ್ಕ್‌ಗಳು (ಕಶೇರುಗಳ ನಡುವಿನ ಮೆತ್ತೆಗಳು) ನೀರು ಹೀರಿ ಉಬ್ಬಿರುತ್ತವೆ, ಎದ್ದ ಕೂಡಲೇ ಬಗ್ಗಿದರೆ ಅವುಗಳ ಮೇಲೆ ಎಳೆತ ಜಾಸ್ತಿ. ಆ 22ನೇ ಸಿಟ್-ಅಪ್ ಹಾಸಿಗೆಯಿಂದ ಎದ್ದ ಐದೇ ನಿಮಿಷಕ್ಕೆ ಮಾಡಿದ್ದು. ಈಗ ಸಂಜೆ ಮಾಡುತ್ತೇನೆ.