ಆರು ಕಿಲೋಮೀಟರ್ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡು ನಾನು ಪಟ್ಟ ಪಾಡು

ನಿನ್ನೆ ಮೈದುನ ಫೋನ್ ಮಾಡಿದ್ದ. "ವೈನಿ, 2021ರ ಡೀಸೆಲ್ ಗಾಡಿ ಒಂದು ಸಿಕ್ಕೇತಿ, ಶನಿವಾರ ಟೋಕನ್ ಕೊಡ್ತೀನಿ" ಅಂದ. ಅವನ ಮನೆ ವಾಕಡ, ಆಫೀಸು ಹಿಂಜವಡಿ. ಟೋಕನ್ ಕೊಡಬ್ಯಾಡ, ಸ್ವಲ್ಪ ತಡಿ ಅಂತ ಹೇಳಿ ಫೋನ್ ಇಟ್ಟೆ. ಆಮೇಲೆ ಅವನೊಬ್ಬನಿಗೆ ಹೇಳಿದರೆ ಸಾಲದು ಅನ್ನಿಸಿತು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ನಾವೆಲ್ಲ ಹಾಕುವ ಲೆಕ್ಕ ಒಂದೇ: ಊರು ದೂರ, ಡೀಸೆಲ್ ಅಗ್ಗ, ಮೈಲೇಜ್ ಜಾಸ್ತಿ. ನಾನೂ ಅದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡೆ.

ಕಳೆದ ಜೂನಿನಲ್ಲಿ ಕೊಂಡದ್ದು. 2020ರ ಮಾಡೆಲ್, ಬಿಎಸ್6 (ಗಾಡಿ ಎಷ್ಟು ಹೊಗೆ ಬಿಡಬಹುದು ಎಂಬ ನಿಯಮ), ಎಂಎಚ್ 14 ನಂಬರು, ಮೀಟರಿನಲ್ಲಿ 38,112 ಕಿ.ಮೀ. ಅದೇ ಗಾಡಿಯ ಪೆಟ್ರೋಲ್ ಮಾಡೆಲ್ ಪಕ್ಕದಲ್ಲೇ ನಿಂತಿತ್ತು, ಬೆಲೆ 85,000 ರೂಪಾಯಿ ಕಡಿಮೆ. ಡೀಸೆಲ್ ಎಂಜಿನ್ ಗಟ್ಟಿ, ಎರಡು ಲಕ್ಷ ಕಿಲೋಮೀಟರ್ ಓಡಿದರೂ ಜಗ್ಗುವುದಿಲ್ಲ ಅಂದರು ನಮ್ಮ ಮಾವನವರು. ಸುಳ್ಳಲ್ಲ. ಆದರೆ ಅವರು ಓಡಿಸಿದ ಗಾಡಿಗಳಲ್ಲಿ ಡಿಪಿಎಫ್ ಇರಲಿಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್6 ಕಡ್ಡಾಯವಾಯಿತು. ಆಮೇಲೆ ಬಂದ ಡೀಸೆಲ್ ಕಾರುಗಳ ಹೊಗೆ ಪೈಪಿನಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಮಸಿ ತುಂಬುತ್ತ ಬಂದ ಹಾಗೆ ಗಾಡಿ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಹೊಗೆಯ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಆ ಮಸಿಯನ್ನು ಸುಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ, ಸ್ವಲ್ಪ ವೇಗದಲ್ಲಿ ಓಡಬೇಕು. ನನ್ನ ಮನೆ ಚಿಂಚವಡ, ಕೆಲಸ ಭೋಸರಿಯ ಕೈಗಾರಿಕಾ ಪ್ರದೇಶ, ಎಂಐಡಿಸಿ. ಆರು ಕಿಲೋಮೀಟರು, ದಾರಿಯುದ್ದಕ್ಕೂ ಸಿಗ್ನಲ್. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫೀಸಿನ ಗೇಟು ಬಂದಿರುತ್ತದೆ. ಇಂಥ ಓಡಾಟಕ್ಕೆ ಈ ಗಾಡಿ ಆಗುವುದೇ ಇಲ್ಲ ಎಂದು ಕೊಳ್ಳುವಾಗ ನನಗೆ ಯಾರೂ ಹೇಳಲಿಲ್ಲ.

ಮೂರನೇ ವಾರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. ಭಾನುವಾರ ತೋರಿಸಿದರಾಯಿತು ಅಂದುಕೊಂಡೆ. ಅದು ತಪ್ಪಾಯಿತು. ಎರಡು ದಿನದ ಮೇಲೆ, ಜೋರು ಮಳೆಯಲ್ಲಿ, ನಾಶಿಕ್ ಫಾಟಾ ಫ್ಲೈಓವರ್ ಏರುವಾಗ ಗಾಡಿ ಎಳೆಯಲೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮುಳ್ಳು ಎರಡು ಸಾವಿರದ ಮೇಲೆ ಏರದು. ಹಿಂದಿನಿಂದ ಲಾರಿಗಳ ಹಾರ್ನ್, ಹಿಂದಿನ ಸೀಟಿನಲ್ಲಿ ಮಗಳು. ಆ ಐದು ನಿಮಿಷ ನಾನು ಮರೆಯುವಂಥದ್ದಲ್ಲ.

ಕಾಸಾರವಾಡಿಯಲ್ಲಿ ಒಂದು ಗ್ಯಾರೇಜ್ ಇದೆ, ಮೆಕ್ಯಾನಿಕ್ ಇಂಡಿ ಕಡೆಯವರು. ಬಾನೆಟ್ ಎತ್ತಿ, ಎಂಜಿನ್ ಆಯಿಲ್ ಎಷ್ಟಿದೆ ಎಂದು ನೋಡುವ ಡಿಪ್‌ಸ್ಟಿಕ್ ಎಳೆದರು, ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ ತೆಗೆದರು. ಆಯಿಲ್ ಮೇಲಿನ ಗೆರೆ ದಾಟಿ ಬೆರಳಗಲ ಏರಿತ್ತು. "ಅಕ್ಕಾರ, ಸ್ವಲ್ಪ ಮೂಸಿ ನೋಡ್ರಿ" ಅಂದರು. ಬೆರಳಿಗೆ ಹತ್ತಿದ್ದು ನೀರಿನ ಹಾಗೆ ತೆಳ್ಳಗೆ, ಪೆಟ್ರೋಲ್ ಪಂಪಿನ ವಾಸನೆ. "ಆಯಿಲ್ ಇಳದ್ರ ಎಲ್ಲಾರೂ ನೋಡ್ತಾರ. ಏರಿದ್ರ ಯಾರೂ ನೋಡಂಗಿಲ್ರಿ." ಮಸಿ ಸುಡುವ ಕೆಲಸ ಪ್ರತಿ ಸಲ ಅರ್ಧಕ್ಕೆ ನಿಂತರೆ, ಅದಕ್ಕೆಂದು ಬಿಟ್ಟ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದಂತೆ. ತೆಳುವಾದ ಆಯಿಲ್‌ನಲ್ಲಿ ಟರ್ಬೊ, ಬೇರಿಂಗ್ ಎಲ್ಲ ಸವೆಯುತ್ತವೆ.

ಆಮೇಲೆ ಸ್ಕ್ಯಾನರ್ ಹಚ್ಚಿದರು. ತೊಂದರೆ ಆದಾಗ ಗಾಡಿಯ ಕಂಪ್ಯೂಟರ್ ಬರೆದಿಡುವುದು ಫಾಲ್ಟ್ ಕೋಡ್, ಅದನ್ನು ಅಳಿಸಿದರೆ ದೀಪವೂ ಆರುತ್ತದೆ. ಫಾಲ್ಟ್ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಎಂದು ಅದರಲ್ಲಿ ಬರುತ್ತದೆ: 214 ಕಿ.ಮೀ. ಮೀಟರು ನೋಡಿದೆ, 38,306. ನಾನು ಓಡಿಸಿದ್ದು 194. ಅಂದರೆ ನನ್ನ ಕೈಗೆ ಬರುವ 20 ಕಿಲೋಮೀಟರ್ ಮುಂಚೆ ಯಾರೋ ದೀಪ ಆರಿಸಿದ್ದರು. ಫುಲ್ ಸರ್ವಿಸ್ ಆಗಿದೆ ಎಂದು ಹೇಳಿ ಕೊಟ್ಟ ಗಾಡಿ ಅದು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ನಂಬರು ಕೊಟ್ಟು ವಿಚಾರಿಸಿದರೆ, ಹಿಂದಿನ ಮಾಲೀಕರೂ ಇದೇ ತೊಂದರೆಗೆ ಎರಡು ಸಲ ಬಂದಿದ್ದರು. ಇದನ್ನು ಟೋಕನ್ ಕೊಡುವ ಮುಂಚೆಯೇ ಕೇಳಬಹುದಿತ್ತು. ಒಂದು ಫೋನಿನ ಕೆಲಸ.

ಮಾರಿದವರ ಹತ್ತಿರ ಹೋದೆ. ವಾರಂಟಿ ಎಂಜಿನ್, ಗೇರ್‌ಬಾಕ್ಸಿಗೆ ಮಾತ್ರ, ಇದು ಸೈಲೆನ್ಸರ್ ಭಾಗ ಎಂದು ಕಾಗದ ತೋರಿಸಿದರು. ಡಿಪಿಎಫ್ ಬಿಚ್ಚಿಸಿ ತೊಳೆಸಿದ್ದಕ್ಕೆ 16,500, ಸೆನ್ಸರ್ 5,800, ಆಯಿಲ್ ಮತ್ತು ಫಿಲ್ಟರ್ 7,200. ಹೊಸ ಡಿಪಿಎಫ್‌ಗೆ ಲಕ್ಷದ ಮೇಲೆ ಹೇಳಿದ್ದರು. ಇನ್ನೊಂದು ಗ್ಯಾರೇಜಿನಲ್ಲಿ, ಅದನ್ನು ಕಿತ್ತು ಹಾಕಿ ಕಂಪ್ಯೂಟರಿನಲ್ಲಿ ಬದಲಾಯಿಸಿ ಕೊಡ್ತೀವಿ ಅಂದರು. ದಯವಿಟ್ಟು ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ಆ ಮಸಿ ಹೋಗುವುದು ನಮ್ಮ ಮಕ್ಕಳ ಎದೆಗೇ.

ಈಗ ಲೆಕ್ಕ ನೋಡಿ. ಆಗ ಪೆಟ್ರೋಲ್ 104, ಡೀಸೆಲ್ 91ರ ಆಸುಪಾಸು. ಸಿಟಿಯೊಳಗೆ ಪೆಟ್ರೋಲ್ ಗಾಡಿ ಲೀಟರಿಗೆ 12 ಕಿ.ಮೀ. ಕೊಟ್ಟರೆ ಡೀಸೆಲ್ 15 ಕೊಡುತ್ತದೆ. ಕಿಲೋಮೀಟರಿಗೆ ಉಳಿಯುವುದು ಎರಡೂವರೆ ರೂಪಾಯಿ. ಆಫೀಸು, ಸಂತೆ, ವರ್ಷಕ್ಕೆ ನಾಲ್ಕು ಸಲ ಹುಬ್ಬಳ್ಳಿ, ಎಲ್ಲ ಸೇರಿ ನನ್ನ ಓಡಾಟ 8,000 ಕಿ.ಮೀ. ವರ್ಷಕ್ಕೆ 20,000 ಉಳಿತಾಯ. ಜಾಸ್ತಿ ಕೊಟ್ಟ 85,000 ಮರಳಲು ನಾಲ್ಕು ವರ್ಷದ ಮೇಲೆ ಬೇಕು. ಮೊದಲ ತಿಂಗಳೇ 29,500 ಹೋಯಿತು. ದಿನಾ ಚಾಕಣ ಅಥವಾ ರಾಂಜಣಗಾವಕ್ಕೆ ನಲವತ್ತು ಐವತ್ತು ಕಿಲೋಮೀಟರ್ ಓಡುವವರ ಮಾತು ಬೇರೆ, ಅವರಿಗೆ ಡೀಸೆಲ್ ನಿಜಕ್ಕೂ ಲಾಭ.

ಡೀಸೆಲ್ ಗಾಡಿ ನೋಡಲು ಹೋಗುವವರು ಮೊದಲು ಬಾನೆಟ್ ಮೇಲೆ ಕೈ ಇಡಿ. ನಾನು ಹೋದಾಗ ಅದು ಬೆಚ್ಚಗಿತ್ತು, ನಿಮಗಾಗಿ ಎಸಿ ಹಾಕಿಟ್ಟಿದ್ದೆವು ಅಂದಿದ್ದರು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್‌ನಲ್ಲಿ ಸ್ಟಾರ್ಟಿಂಗ್ ತೊಂದರೆ ಕಾಣುವುದಿಲ್ಲ, ತಣ್ಣಗಿದ್ದ ಗಾಡಿಯನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಡಿಪ್‌ಸ್ಟಿಕ್ ನೀವೇ ಎಳೆದು ನೋಡಿ, ಮೂಸಿ. ನಿಮ್ಮ ಮೆಕ್ಯಾನಿಕ್ ಸ್ಕ್ಯಾನರ್ ತರಲಿ. ಮಸಿ ಎಷ್ಟು ತುಂಬಿದೆ, ಕೋಡ್ ಯಾವಾಗ ಅಳಿಸಿದ್ದಾರೆ, ಎರಡನ್ನೂ ಬರೆದುಕೊಳ್ಳಿ. ಸ್ಕ್ಯಾನರ್ ಹಚ್ಚಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ಡಿಎಲ್ ನಂಬರಿನ ಅಗ್ಗದ ಡೀಸೆಲ್ ಗಾಡಿಗಳೂ ಇಲ್ಲಿ ಬರುತ್ತವೆ, ದಿಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್ ಮೇಲೆ ನಿರ್ಬಂಧ ಬಂದದ್ದರಿಂದ. ಎನ್‌ಒಸಿ (ಹಳೆ ಆರ್‌ಟಿಒದ ಒಪ್ಪಿಗೆ ಪತ್ರ), ಮಹಾರಾಷ್ಟ್ರದ ರೋಡ್ ಟ್ಯಾಕ್ಸ್ ಎಲ್ಲ ಕೂಡಿಸಿ ಬೆಲೆ ಕೇಳಿ.

ಮೈದುನನಿಗೆ ವಾಕಡದಿಂದ ಹಿಂಜವಡಿ ಐದು ಕಿಲೋಮೀಟರು. ಅವನಿಗೆ ಪೆಟ್ರೋಲ್ ಗಾಡಿ ನೋಡಲು ಹೇಳಿದ್ದೇನೆ. ಶನಿವಾರ ಜೊತೆಗೆ ನಾನೂ ಹೋಗುತ್ತೇನೆ, ಕಾಸಾರವಾಡಿಯ ಮೆಕ್ಯಾನಿಕ್ ಅವರನ್ನು ಕರೆದುಕೊಂಡು.