ಅರ್ಧ ಗೋಡೆಗೆ ಸುಣ್ಣ, ಅರ್ಧ ಗೋಡೆಗೆ ವಾಟರ್‌ಪ್ರೂಫ್ ಪೇಂಟು

ನಮ್ಮ ಪಡುಬದಿಯ ಕೋಣೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಪೇಂಟರ್ ಅರ್ಧಕ್ಕೇ ಬಿಟ್ಟು ಹೋದ್ರಾ?" ಗೋಡೆಯ ನಡುವೆ ಕಿಟಕಿ ಇದೆ. ಅದರ ಎಡಕ್ಕೆ ಸುಣ್ಣ, ಬಲಕ್ಕೆ ದುಬಾರಿ ಪೇಂಟು. ಬೇಕೆಂದೇ ಹಾಗೆ ಮಾಡಿಸಿದ್ದು. ಮೂರು ಮಳೆಗಾಲ ಈ ಗೋಡೆಯನ್ನು ನೋಡುತ್ತಾ ಕೂತಿದ್ದೇನೆ.

ಮನೆ ಇರುವುದು ಕುಂದಾಪುರದ ಹತ್ತಿರ. ಮುರಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಸಾರಣೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಗಾಳಿ ಬರುವುದು ಪಡುವಣದಿಂದ. ಹಾಗಾಗಿ ನಾಲ್ಕು ತಿಂಗಳು ಆ ಒಂದು ಗೋಡೆಗೇ ನೀರು ರಾಚುತ್ತಿರುತ್ತದೆ. ಮುರಕಲ್ಲು ತೂತು ತೂತಾದ ಕಲ್ಲು. ನೀರು ಕುಡಿಯಲು ಅದಕ್ಕೆ ಅವಸರ, ಬಿಡಲು ಅಲ್ಲ.

ಪ್ರತಿ ವರ್ಷ ಅದೇ ಕಥೆ. ಆರಿದ್ರಾ ಮಳೆ ಹಿಡಿದ ಮೇಲೆ ಗೋಡೆಗೆ ಪಸೆ ಬರುತ್ತದೆ, ಆಮೇಲೆ ಮುಗ್ಗು ವಾಸನೆ, ಕಪಾಟಿನ ಹಿಂದೆ ಕಪ್ಪು ಬೂಷ್ಟು. ಮಗನಿಗೆ ಉಬ್ಬಸ ಬೇರೆ. 2022ರ ಬೇಸಿಗೆಯಲ್ಲಿ ಈ ಸಲ ಏನಾದರೂ ಮಾಡಲೇಬೇಕು ಎಂದು ಹೊರಟೆ.

ಮೊದಲು ಮಾಡಬೇಕಿದ್ದ ಕೆಲಸವನ್ನು ನಾನು ಆಮೇಲೆ ಮಾಡಿದೆ. ನೀರು ಎಲ್ಲಿಂದ ಬರುತ್ತಿದೆ ಎಂದು ನೋಡುವುದೇ ಆ ಕೆಲಸ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಒಳಮೈ, ಅಂದರೆ ಗೋಡೆ ಕಡೆ ಹನಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈ ಮೇಲೆ ಕೂತಿದ್ದರೆ ಕೋಣೆಯ ಗಾಳಿಯಿಂದ. ಹೇಳುವುದು ಸುಲಭ. ಜುಲೈನಲ್ಲಿ ಒದ್ದೆ ಗೋಡೆಗೆ ಯಾವ ಟೇಪೂ ಅಂಟುವುದಿಲ್ಲ! ಕೊನೆಗೆ ನಾಲ್ಕು ಮರದ ಪಟ್ಟಿ ಇಟ್ಟು ಮೊಳೆ ಹೊಡೆದೆ. ಪಡುಗೋಡೆಯ ಹಾಳೆಯ ಒಳಗೆ ನೀರು ಸಾಲಾಗಿ ಇಳಿದಿತ್ತು. ಕಪಾಟಿನ ಹಿಂದಿನ ಒಳಗೋಡೆಯಲ್ಲಿ ಹಾಳೆಯ ಒಳಗೆ ಪೂರ್ತಿ ಒಣ. ಎರಡೂ ಕಡೆ ಬೂಷ್ಟು ಒಂದೇ ಬಣ್ಣ, ಒಂದೇ ವಾಸನೆ. ಕಾರಣ ಮಾತ್ರ ಬೇರೆ ಬೇರೆ. ಇದು ಗೊತ್ತಾಗುವ ಮೊದಲೇ ನಾನು ಪೇಂಟಿಗೆ ದುಡ್ಡು ಸುರಿದಾಗಿತ್ತು.

ಆ ಪೇಂಟಿನ ಕಥೆ ಕೇಳಿ. ಅಂಗಡಿಯವರು, ಪೇಂಟರ್ ಇಬ್ಬರೂ ಒಳಗಿನಿಂದ ದಪ್ಪ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿ, ಹತ್ತು ವರ್ಷ ತಲೆಬಿಸಿ ಇಲ್ಲ ಎಂದರು. ಅತ್ತೆಗೆ ಅದು ಹಿಡಿಸಲಿಲ್ಲ. "ಹೆಣೇ, ಗ್ವಾಡಿಗೆ ಪ್ಲಾಸ್ಟಿಕ್ ಸುತ್ರೆ ಒಳ್ಗಿನ್ ನೀರ್ ಎಲ್ಲಿಗ್ ಹ್ವಾಪುದ್?" ಎಂದರು. ಅವರದ್ದು ಸುಣ್ಣದ ಪಕ್ಷ. ನಮ್ಮವರದ್ದು ಪೇಂಟಿನ ಪಕ್ಷ. ಜಗಳ ಬೇಡ ಎಂದು ಗೋಡೆಯನ್ನೇ ಪಾಲು ಮಾಡಿದೆ.

ಹಳೆಯ ಡಿಸ್ಟೆಂಪರ್ ಪೂರ್ತಿ ಕೆರೆಸಿದೆವು. ಬಲಭಾಗಕ್ಕೆ ಪ್ರೈಮರ್, ಎರಡು ಕೋಟ್ ವಾಟರ್‌ಪ್ರೂಫ್, ಮೇಲೆ ಎಮಲ್ಷನ್. ಅರುವತ್ತು ಚದರ ಅಡಿಗೆ ಕೂಲಿ ಸೇರಿ 2,700 ರೂಪಾಯಿ ಆಯಿತು. ಎಡಭಾಗಕ್ಕೆ ಐದು ಕೆಜಿ ಚಿಪ್ಪುಸುಣ್ಣ. ಅದಕ್ಕೆ ಇನ್ನೂರು ರೂಪಾಯಿ ಕೂಡ ಆಗಲಿಲ್ಲ, ಕೂಲಿ ಅತ್ತೆಯದ್ದು ಮತ್ತು ನನ್ನದು. ಸುಟ್ಟ ಚಿಪ್ಪನ್ನು ನೀರಿಗೆ ಹಾಕಿದಾಗ ಕೊತಕೊತ ಕುದಿಯುತ್ತದೆ, ದೂರ ನಿಲ್ಲಬೇಕು. ಕಣ್ಣಿಗೆ ಹಾರಿದರೆ ಆಸ್ಪತ್ರೆಯೇ ಗತಿ. ನಾನು ಮಗನ ಈಜುವ ಕನ್ನಡಕ ಹಾಕಿಕೊಂಡಿದ್ದೆ. ಮೂರು ದಿನ ನೆನೆಸಿ, ಹಳೆಯ ಪಂಚೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದೆವು. ಬಳಿಯುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು. ಇಲ್ಲದಿದ್ದರೆ ಒಣಗಿದ ಮೇಲೆ ಪುಡಿ ಉದುರುತ್ತದೆ. ಮೊದಲ ಕೈ ಬಳಿದಾಗ ಗೋಡೆ ಬೆಳ್ಳಗಾಗಲೇ ಇಲ್ಲ, ಅಕ್ಕಿ ತೊಳೆದ ನೀರು ಹಚ್ಚಿದ ಹಾಗೆ ಕಂಡಿತು. ನಮ್ಮವರು ಬಾಗಿಲಲ್ಲಿ ನಿಂತು ನಕ್ಕರು. ಸಂಜೆಗೆ ಒಣಗಿ ಬಿಳಿ ಬಂತು. ಮೂರು ಕೈ ಬಳಿದೆವು.

ಜೂನ್ ಪೂರ್ತಿ ಎರಡೂ ಚಂದ ಇದ್ದವು. ನಿಜ ಹೇಳಬೇಕೆಂದರೆ ಪೇಂಟಿನ ಭಾಗವೇ ಹೆಚ್ಚು ಚಂದ. ಜುಲೈ ನಡುವಲ್ಲಿ ಬಲಭಾಗದ ಬುಡದಲ್ಲಿ ಮೊಡವೆಯ ಹಾಗೆ ಸಣ್ಣ ಗುಳ್ಳೆಗಳು ಎದ್ದವು. ಆಗಸ್ಟ್‌ಗೆ ಹಪ್ಪಳ. ಬೆರಳಿಂದ ಒತ್ತಿದೆ, ಒಳಗಿನಿಂದ ಪಿಚಕ್ಕನೆ ನೀರು ಬಂತು. ಜೊತೆಗೆ ಬಿಳಿ ಪುಡಿ. ಕಲ್ಲು, ಸಿಮೆಂಟಿನ ಒಳಗಿನ ಉಪ್ಪನ್ನು ನೀರು ಕರಗಿಸಿ ತರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಾಗ ಪೇಂಟಿನ ಹಿಂದೆಯೇ ಹರಳುಗಟ್ಟಿ ಪೇಂಟನ್ನು ಎಬ್ಬಿಸುತ್ತದೆ. ಚೌತಿ ಹೊತ್ತಿಗೆ ಅಂಗೈ ಅಗಲದ ಒಂದು ತುಂಡು ಕೆಳಗೆ ಬಿತ್ತು. ಅತ್ತೆ ಏನೂ ಹೇಳಲಿಲ್ಲ. ತುಂಡನ್ನು ಹೆಕ್ಕಿ ಮೇಜಿನ ಮೇಲೆ ಇಟ್ಟು ಹೋದರು ಅಷ್ಟೆ.

ಹಾಗಂತ ಸುಣ್ಣ ಗೆದ್ದಿತು ಎನ್ನುವ ಹಾಗಿಲ್ಲ. ಸುಣ್ಣ ನೀರನ್ನು ತಡೆಯುವುದೇ ಇಲ್ಲ. ಎಡಭಾಗವೂ ಬೂದು ಬಣ್ಣಕ್ಕೆ ತಿರುಗಿತ್ತು, ಕೈ ಇಟ್ಟರೆ ತಣ್ಣಗೆ ಒದ್ದೆ. ಆದರೆ ಗುಳ್ಳೆ ಇಲ್ಲ, ಬೂಷ್ಟೂ ಇಲ್ಲ. ಅಕ್ಟೋಬರ್ ಬಿಸಿಲಿಗೆ ತನ್ನಷ್ಟಕ್ಕೇ ಒಣಗಿ ಮತ್ತೆ ಬಿಳಿಯಾಯಿತು. ಹೊಸ ಸುಣ್ಣದ ಖಾರಕ್ಕೆ ಬೂಷ್ಟು ನಿಲ್ಲುವುದಿಲ್ಲ. ಆದರೆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಆಗ ಖಾರ ಹೋಗುತ್ತದೆ. ಎರಡನೇ ವರ್ಷ ಬಳಿಯದೆ ಬಿಟ್ಟೆ, ಮಂಚದ ಹಿಂದಿನ ಮೂಲೆಯಲ್ಲಿ ಚುಕ್ಕೆ ಚುಕ್ಕೆ ಬೂಷ್ಟು ಬಂತು. ಪ್ರತಿ ಬೇಸಿಗೆಯಲ್ಲಿ ಒಂದು ಕೈ ಬೇಕೇ ಬೇಕು. ಬೆನ್ನು ತಾಗಿದರೆ ಅಂಗಿಗೆ ಬಿಳಿ ಮೆತ್ತುತ್ತದೆ, ಒರೆಸಲು ಆಗುವುದಿಲ್ಲ. ಪ್ಲಾಸ್ಟಿಕ್ ಪೇಂಟಿನ ಮೇಲೆ ಬಳಿದರೆ ಹಿಡಿಯುವುದೂ ಇಲ್ಲ, ಕೆರೆಯಲೇಬೇಕು. ಮೂಡುಬದಿಯ ಒಣ ಗೋಡೆಗೆ ಎಮಲ್ಷನ್ನೇ ಇಟ್ಟುಕೊಂಡಿದ್ದೇನೆ. ಮಗನ ಕ್ರೇಯಾನ್ ಗೀಚು ಒದ್ದೆ ಬಟ್ಟೆಯಲ್ಲಿ ಹೋಗುತ್ತದೆ, ಅಲ್ಲಿ ಸುಣ್ಣ ಬಳಿದರೆ ನನಗೇ ಕಷ್ಟ.

ಕಪಾಟಿನ ಹಿಂದಿನ ಗೋಡೆಯಲ್ಲಿ ಬೇರೆಯೇ ಸ್ಪರ್ಧೆ. ಒಂದೊಂದು ಅಡಿಯ ಮೂರು ಚೌಕ ಗುರುತು ಮಾಡಿದೆ. ಒಂದಕ್ಕೆ ಬ್ಲೀಚ್, ಒಂದಕ್ಕೆ ಬಿಳಿ ವಿನೆಗರ್, ಒಂದಕ್ಕೆ ಬಿಳಿಗಾರದ (ಬೋರಾಕ್ಸ್) ನೀರು. ಒಣ ಬೂಷ್ಟನ್ನು ಉಜ್ಜಬಾರದು, ಪುಡಿ ಮೂಗಿಗೆ ಹೋಗುತ್ತದೆ. ಮಾಸ್ಕ್ ಹಾಕಿ, ಒದ್ದೆ ಮಾಡಿಯೇ ಒರೆಸಿದ್ದು. ಬ್ಲೀಚ್ ಹಾಕಿದ ಚೌಕ ಹತ್ತೇ ನಿಮಿಷಕ್ಕೆ ಫಳಫಳ. ಮೂರು ವಾರಕ್ಕೆ ಮತ್ತೆ ಕಪ್ಪು. ಟೈಲ್ಸ್ ಮೇಲೆ ಬ್ಲೀಚ್ ಒಳ್ಳೆಯದೇ. ಸಾರಣೆಯ ಗೋಡೆಯಲ್ಲಿ ಮೇಲಿನ ಬಣ್ಣ ಹೋಗುತ್ತದೆ, ಅದರ ನೀರು ಒಳಗೆ ಇಳಿಯುತ್ತದೆ, ಬೇರು ಹಾಗೇ ಉಳಿಯುತ್ತದೆ. ವಿನೆಗರ್ ಒಂದೂವರೆ ತಿಂಗಳು ತಡೆಯಿತು, ಒಂದು ದಿನ ಇಡೀ ಕೋಣೆ ಉಪ್ಪಿನಕಾಯಿ ವಾಸನೆ ಹೊಡೆಯಿತು. ನಾಲ್ಕು ಲೀಟರ್ ಬಿಸಿ ನೀರಿಗೆ ಒಂದು ಕಪ್ ಬಿಳಿಗಾರ ಕರಗಿಸಿ ಹಚ್ಚಿ, ತೊಳೆಯದೆ ಬಿಟ್ಟ ಚೌಕ ಮಾತ್ರ ಮಳೆಗಾಲ ಮುಗಿಯುವವರೆಗೂ ನಿಂತಿತು. ಕೇರಂ ಬೋರ್ಡಿಗೆ ಹಾಕುವ ಪುಡಿ ಬೋರಿಕ್, ಅದು ಬೇರೆ, ಗೊಂದಲ ಬೇಡ. ಎರಡನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಬ್ಲೀಚ್ ಮತ್ತು ವಿನೆಗರ್ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ.

ಮೂರನ್ನೂ ಸೋಲಿಸಿದ್ದು ಒಂದು ಪೈಸೆ ಖರ್ಚಿಲ್ಲದ ಉಪಾಯ. ಕಪಾಟನ್ನು ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ ಎಳೆದೆ. ಫ್ಯಾನಿನ ಗಾಳಿ ಹಿಂದೆ ಹೋಗುವ ಹಾಗಾಯಿತು. ಆಮೇಲೆ ಅಲ್ಲಿ ಬೂಷ್ಟು ತಿರುಗಿ ಬರಲಿಲ್ಲ. ಬಟ್ಟೆ ಬಿದ್ದರೆ ಹೆಕ್ಕಲು ಕೈ ಹಾಕುವುದು ಕಷ್ಟ, ಅಷ್ಟೇ ತೊಂದರೆ.

ಇನ್ನು ಗಾಳಿಯ ತೇವ. ನಾನ್ನೂರು ರೂಪಾಯಿಗೆ ಒಂದು ಪುಟ್ಟ ಮೀಟರ್ ತಂದೆ. ಜುಲೈನಲ್ಲಿ ಕೋಣೆಯೊಳಗೆ ಶೇಕಡಾ 90, ಕಿಟಕಿ ತೆರೆದು ಹೊರಗೆ ಹಿಡಿದರೆ 94. ಗೋಡೆಯ ಮೈ ಹತ್ತಿರ 80ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಸಾಕು. 60ರ ಕೆಳಗೆ ಇದ್ದರೆ ಅದರ ಆಟ ನಡೆಯುವುದಿಲ್ಲ. "ಕಿಟಕಿ ತೆರೆದಿಡಿ, ಗಾಳಿ ಆಡಲಿ" ಎನ್ನುವ ಸಲಹೆ ಬೆಂಗಳೂರಿಗೆ ಸರಿ. ನಮ್ಮಲ್ಲಿ ಮಳೆ ಸುರಿಯುವಾಗ ತೆರೆದರೆ ಇನ್ನಷ್ಟು ತೇವವನ್ನು ಒಳಗೆ ಕರೆದ ಹಾಗೆ.

ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು. ಆ ಹಬೆ ಎಲ್ಲಿ ಹೋಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಹಿಂದೆ ಬಚ್ಚಲಲ್ಲೂ ಅಡುಗೆಮನೆಯಲ್ಲೂ ಒಲೆ ಉರಿಯುತ್ತಿತ್ತು. ಗೋಡೆ ಮಸಿ ಹಿಡಿದು ಕಪ್ಪಾಗಿತ್ತು, ಆದರೆ ಗರಿಗರಿ ಒಣ. ಗ್ಯಾಸ್ ಬಂದ ಮೇಲೆ ಮಸಿ ಹೋಯಿತು, ಬೂಷ್ಟು ಬಂತು. ಎಕ್ಸಾಸ್ಟ್ ಫ್ಯಾನ್ ಹಾಕಿಸಿದ ಮೇಲೆ ಪಕ್ಕದ ಕೋಣೆಯ ಮೀಟರ್ 93ರಿಂದ 87ಕ್ಕೆ ಇಳಿಯಿತು. ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದೂ ಅಷ್ಟೆ, ಒಂದು ಮಿಷಿನ್ ಬಟ್ಟೆಯಿಂದ ಎರಡು ಲೀಟರ್‌ನಷ್ಟು ನೀರು ಗಾಳಿಗೆ ಸೇರುತ್ತದೆ. ಈಗ ಬಟ್ಟೆ ಎಲ್ಲ ಶೀಟಿನ ಮಾಡಿನ ಕೆಳಗೆ, ಹೊರಗೆ.

ಕಪಾಟಿಗೆ ತೇವ ಹೀರುವ ಡಬ್ಬಿ ತಂದು ಇಟ್ಟೆ, ಒಳಗೆ ಕ್ಯಾಲ್ಸಿಯಂ ಕ್ಲೋರೈಡ್ ಇರುವಂಥದ್ದು. ಮುಚ್ಚಿದ ಕಪಾಟಿಗೆ ಪರವಾಗಿಲ್ಲ, ಒಂದು ತಿಂಗಳಿಗೆ ಅರ್ಧ ಲೀಟರ್ ನೀರು ತುಂಬಿತ್ತು. ಆದರೆ ಒಂದು ದಿನ ಡಬ್ಬಿ ಮಗುಚಿ ನನ್ನ ರೇಷ್ಮೆ ಸೀರೆಯ ಅಂಚಿಗೆ ಕಲೆಯಾಯಿತು, ಇವತ್ತಿಗೂ ಹೋಗಿಲ್ಲ. ಕೋಣೆಗೆ ಇಂಥ ಡಬ್ಬಿ ಇಡುವುದು ಸುಮ್ನೆ ದುಡ್ಡು ದಂಡ. ಕಪಾಟಿನಲ್ಲಿ 40 ವ್ಯಾಟ್ ಬಲ್ಬ್ ಉರಿಸುವ ಹಳೆಯ ಉಪಾಯ ನೆನಪಿದೆಯಲ್ಲ? ಅದು ಕೆಲಸ ಮಾಡುತ್ತಿತ್ತು, ಯಾಕೆಂದರೆ ಆ ಬಲ್ಬ್ ಬಿಸಿಯಾಗುತ್ತಿತ್ತು. ಈಗಿನ ಎಲ್‌ಇಡಿ ಹಾಕಿದರೆ ಬೂಷ್ಟು ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಕೊನೆಗೆ ಗಾಳಿಯ ತೇವ ಎಳೆಯುವ ಮಿಷಿನ್, ಡಿಹ್ಯುಮಿಡಿಫೈಯರ್ ತೆಗೆದುಕೊಂಡೆವು, 15,000 ರೂಪಾಯಿ. ಬಾಗಿಲು ಕಿಟಕಿ ಮುಚ್ಚಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಓಡಿಸಿದರೆ ಮೀಟರ್ 90ರಿಂದ 63ಕ್ಕೆ ಇಳಿಯುತ್ತದೆ. ಬೆಳಿಗ್ಗೆ ಅದರ ತೊಟ್ಟಿಯಲ್ಲಿ ಮೂರೂವರೆ ಲೀಟರ್ ನೀರು. ಮೊದಲ ದಿನ ಅದನ್ನು ನೋಡಿ ಎಲ್ಲರೂ ದಂಗಾದೆವು. ಕರೆಂಟು ರಾತ್ರಿಗೆ ಎರಡು ಯೂನಿಟ್. ಡಬ್ಬದ ಮೇಲೆ 12 ಲೀಟರ್ ಎಂದು ಬರೆದಿರುತ್ತಾರೆ. ಅದು 30 ಡಿಗ್ರಿ ಬಿಸಿ, 80ರ ತೇವದಲ್ಲಿ ಇಡೀ ದಿನ ಓಡಿದರೆ ಸಿಗುವ ಲೆಕ್ಕ. ಕೋಣೆ ಸ್ವಲ್ಪ ಬಿಸಿಯಾಗುತ್ತದೆ, ಹಳೆಯ ಫ್ರಿಜ್‌ನ ಹಾಗೆ ಗುಂಯ್‌ಗುಡುತ್ತದೆ. ಮಗನ ಉಬ್ಬಸಕ್ಕೆ ಇದರಿಂದ ಸಿಕ್ಕಿದ ನೆಮ್ಮದಿ ಬೇರೆ ಯಾವುದರಿಂದಲೂ ಸಿಗಲಿಲ್ಲ. ಆದರೆ ಪಡುಗೋಡೆಯ ಪಸೆಗೆ ಇದು ಏನೂ ಮಾಡಲಿಲ್ಲ. ಹೊರಗೆ ಇಡೀ ಆಕಾಶವೇ ಸುರಿಯುತ್ತಿರುವಾಗ ಒಳಗೆ ಮೂರೂವರೆ ಲೀಟರ್ ತೆಗೆದರೆ ಗೋಡೆಗೆ ಯಾವ ಲೆಕ್ಕ?

ಪಡುಗೋಡೆಯನ್ನು ಉಳಿಸಿದ್ದು ತಟ್ಟಿ. ಎರಡನೇ ವರ್ಷ ಮೇ ಕೊನೆಗೆ, ಅತ್ತೆಯ ಮಾತಿನಂತೆ, ಹೆಣೆದ ತೆಂಗಿನ ಮಡಲಿನ ತಟ್ಟಿಯನ್ನು ಅಡಿಕೆ ದಬ್ಬೆಗೆ ಬಿಗಿದು ಗೋಡೆಯ ಹೊರಗೆ ನಿಲ್ಲಿಸಿದೆವು. ಗೋಡೆಗೂ ತಟ್ಟಿಗೂ ನಡುವೆ ಒಂದು ಗೇಣು ಜಾಗ ಬಿಡಬೇಕು, ತಾಗಿಸಿ ಕಟ್ಟಿದರೆ ತಟ್ಟಿಯ ನೀರೇ ಗೋಡೆಗೆ ಇಳಿಯುತ್ತದೆ. ಆಗಸ್ಟ್‌ನಲ್ಲಿ ಒಳಗೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು, ಒದ್ದೆ ಇರಲಿಲ್ಲ. ಬಲಭಾಗದಲ್ಲಿ ಉಳಿದಿದ್ದ ಪೇಂಟಿಗೂ ಹೊಸ ಗುಳ್ಳೆ ಬರಲಿಲ್ಲ. ಅಂದರೆ ಮೊದಲೇ ತಟ್ಟಿ ಕಟ್ಟಿದ್ದರೆ ಪೇಂಟೂ ಗೆಲ್ಲುತ್ತಿತ್ತೋ ಏನೋ!

ತಟ್ಟಿಯ ಆಯುಸ್ಸು ಒಂದೇ ಮಳೆಗಾಲ. ಮಡಲು ಹೆಣೆಯುವವರು ಸಿಗುವುದು ಕಷ್ಟ, ಗೆದ್ದಲು ಹಿಡಿಯುತ್ತದೆ, ಕಿಟಕಿ ಮುಚ್ಚಿಹೋಗಿ ಹಗಲಲ್ಲೂ ಲೈಟ್ ಬೇಕು. ಒಮ್ಮೆ ಕೇರೆ ಹಾವೂ ಬಂದು ಸೇರಿಕೊಂಡಿತ್ತು. ಅದಕ್ಕೇ ಮೂರನೇ ವರ್ಷ ಮಾಡನ್ನು ಮೂರಡಿ ಹೊರಗೆ ಚಾಚಿ ಶೀಟ್ ಹಾಕಿಸಿದೆವು, 18,000 ರೂಪಾಯಿ. ತಟ್ಟಿಯಷ್ಟು ಪೂರ್ತಿ ತಡೆಯುವುದಿಲ್ಲ, ಗಾಳಿ ಅಡ್ಡಡ್ಡ ಬೀಸಿದಾಗ ಬುಡ ಒದ್ದೆಯಾಗುತ್ತದೆ. ಮಳೆ ಸದ್ದಿಗೆ ಟಿವಿ ಕೇಳಿಸುವುದಿಲ್ಲ. ಆದರೆ ವರ್ಷ ವರ್ಷ ಹೆಣೆಸುವ ಗೋಳಿಲ್ಲ.

ಬಡಗು ಗೋಡೆಗೆ ಹೊರಗಿನಿಂದ ಬಣ್ಣವಿಲ್ಲದ ಸಿಲಿಕೋನ್ ದ್ರವ ಹೊಡೆಸಿದ್ದೇನೆ. ನೀರು ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಉರುಳುತ್ತದೆ. ಇದು ಗೋಡೆಯ ಒಳಗಿನ ಹಬೆಯನ್ನು ಹಿಡಿದಿಡುವುದಿಲ್ಲ, ಅದೇ ಇದರ ದೊಡ್ಡ ಗುಣ. ಆದರೆ ಬಿರುಕಿದ್ದರೆ ಮೊದಲು ಬಿರುಕು ತುಂಬಿಸಬೇಕು. ನಾವು ಒಂದು ಕೂದಲೆಳೆ ಬಿರುಕು ಬಿಟ್ಟಿದ್ದೆವು, ನೀರು ಸರಿಯಾಗಿ ಅಲ್ಲಿಂದಲೇ ಒಳಗೆ ಬಂತು.

ಬರುವ ಏಪ್ರಿಲ್‌ಗೆ ಬಲಭಾಗವನ್ನೂ ಕೆರೆಸುವುದು ಎಂದು ತೀರ್ಮಾನವಾಗಿದೆ. ನಮ್ಮವರು ಇನ್ನೂ ಒಪ್ಪಿಲ್ಲ. ಅತ್ತೆ ಮಾತ್ರ ಸುಣ್ಣ ನೆನೆಸುವ ಹಳೆಯ ಡ್ರಮ್ಮನ್ನು ತೊಳೆದು ಬಾವಿಕಟ್ಟೆ ಪಕ್ಕ ಕವುಚಿ ಇಟ್ಟಾಗಿದೆ.