ಮೂರು ಶಾಲೆ, ಮೂರು ಕ್ಯಾಮೆರಾ: ನಮಗೆ ಹತ್ತಿರವಾದದ್ದು ಯಾವುದು?

ಈ ಬೇಸಿಗೆ ರಜೆಯಲ್ಲಿ ಕಲಬುರಗಿಯ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗುತ್ತಿರಲಿಲ್ಲ. ನಾನು ಮತ್ತು ನಮ್ಮ ಶಾಲೆಯ ಇಬ್ಬರು ಟೀಚರ್‌ಗಳು ನಮ್ಮ ಮನೆಯಲ್ಲಿ ಕೂತು ಮೂರು ಮಾಕ್ಯುಮೆಂಟರಿ ನೋಡಿದೆವು. ಅಂದರೆ ಕಟ್ಟುಕಥೆಯೇ, ಆದರೆ ಸಾಕ್ಷ್ಯಚಿತ್ರದ ಹಾಗೆ ತೆಗೆದಿರುತ್ತಾರೆ. ಪಾತ್ರಗಳು ಕ್ಯಾಮೆರಾ ಕಡೆ ತಿರುಗಿ ಮನಸ್ಸಿನ ಮಾತು ಹೇಳುತ್ತವೆ. ಮೂರೂ ಶಾಲೆಯವೇ, ಮೂರೂ ಇಂಗ್ಲಿಷ್‌ನಲ್ಲೇ.

ನನ್ನ ಓಟು 'ಅಬಾಟ್ ಎಲಿಮೆಂಟರಿ'ಗೆ. 2021ರಲ್ಲಿ ಶುರುವಾದ ಸರಣಿ, ಅಮೆರಿಕದ ಫಿಲಡೆಲ್ಫಿಯಾದ ಒಂದು ಸರ್ಕಾರಿ ಶಾಲೆಯ ಕಥೆ. ಇದನ್ನು ಹುಟ್ಟುಹಾಕಿ, ಜನೀನ್ ಟೀಚರ್ ಪಾತ್ರ ಮಾಡಿರುವ ಕ್ವಿಂಟಾ ಬ್ರನ್ಸನ್ ಅವರ ತಾಯಿ ಅದೇ ಊರಲ್ಲಿ ಟೀಚರ್ ಆಗಿದ್ದವರು. ಅದು ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ. ಮೊದಲ ಕಂತಿನಲ್ಲೇ ಒಂದು ಮಗು ಕ್ಲಾಸಿನ ಜಮಖಾನೆ ಮೇಲೆ ಉಚ್ಚೆ ಹೊಯ್ಯುತ್ತದೆ. ಜನೀನ್ ಹೊಸದು ಬೇಕು ಅಂತ ಕೇಳುತ್ತಾಳೆ. ದುಡ್ಡು ಬರುತ್ತದೆ, ಆದರೆ ಪ್ರಿನ್ಸಿಪಾಲ್ ಅದರಲ್ಲಿ ಶಾಲೆಗೆ ಹೊಸ ಬೋರ್ಡ್ ಮಾಡಿಸುತ್ತಾಳೆ.

ಇಲ್ಲಿ ನಾವು ಮೂವರೂ ಸುಮ್ಮನಾದೆವು. ನಮ್ಮ ನಲಿ-ಕಲಿ ಕೋಣೆಗೆ ಶಹಾಬಾದ್ ಕಲ್ಲಿನ ನೆಲ. ಜನವರಿಯ ಬೆಳಗ್ಗೆ ಅದರ ಮೇಲೆ ಕೂತ ಒಂದನೇ ತರಗತಿ ಮಕ್ಕಳು ಪಾದ ಮಡಚಿ ಅಂಗಿಯೊಳಗೆ ಸೇರಿಸಿಕೊಳ್ಳುತ್ತಾರೆ. ನಾನು ಜಮಖಾನೆ ತಂದದ್ದು ನನ್ನ ಸಂಬಳದಲ್ಲೇ. ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಬಂದ ಅನುದಾನ ಗೇಟಿನ ಬಣ್ಣಕ್ಕೆ ಹೋಗಿತ್ತು. "ಇದು ನಮ್ಮ ಸಾಲಿ ಕಥಿನೇ ಅದ ನೋಡ್ರಿ" ಅಂದರು ಹಿರಿಯ ಟೀಚರ್.

ಇನ್ನೊಂದು ಇಷ್ಟವಾದದ್ದು, ಅವರು ಕ್ಯಾಮೆರಾವನ್ನು ನೋಡುವ ರೀತಿ. ಪ್ರಿನ್ಸಿಪಾಲ್ ಏನೋ ಹೇಳುತ್ತಾಳೆ, ಟೀಚರ್ ಕಣ್ಣು ಮಾತ್ರ ಕ್ಯಾಮೆರಾ ಕಡೆ ಹೊರಳುತ್ತದೆ. ಬಿಸಿಯೂಟದ ಲೆಕ್ಕ ಬರೆಯುತ್ತಾ ಕೂತಾಗ "ಇವತ್ತೇ ಸ್ಯಾಟ್ಸ್‌ನಲ್ಲಿ ಹಾಕಿ" ಅಂತ, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಗೆ ಏರಿಸಿ ಅಂತ ಫೋನ್ ಬಂದರೆ ನಾವು ಒಬ್ಬರನ್ನೊಬ್ಬರು ನೋಡುವುದು ಹಾಗೇ ಅಲ್ವಾ? ಕೊರತೆ ಒಂದೇ. ಅಲ್ಲಿನ ಕಷ್ಟ ಸುಮಾರು 22 ನಿಮಿಷದಲ್ಲಿ ಬಗೆಹರಿಯುತ್ತದೆ.

'ಚಾಕ್' 2006ರ ಸಿನಿಮಾ. ನಿರ್ದೇಶಕ ಮೈಕ್ ಅಕೆಲ್, ಜೊತೆಗೆ ಬರೆದ ಕ್ರಿಸ್ ಮಾಸ್, ಇಬ್ಬರೂ ಪಾಠ ಮಾಡಿದವರು. ನಗು ಕಡಿಮೆ, ನಿಜ ಜಾಸ್ತಿ. ಬಣ್ಣ ಬಳಿದಿಲ್ಲ, ಯಾರನ್ನೂ ದೇವರು ಮಾಡಿಲ್ಲ.

'ಸಮ್ಮರ್ ಹೈಟ್ಸ್ ಹೈ' ಆಸ್ಟ್ರೇಲಿಯಾದ್ದು, 2007ರದ್ದು, ಎಂಟು ಕಂತು. ಕ್ರಿಸ್ ಲಿಲ್ಲಿ ಒಬ್ಬರೇ ಮೂರು ಪಾತ್ರ ಮಾಡಿದ್ದಾರೆ. ನಟನೆ ಒಪ್ಪುತ್ತೇನೆ. ಆದರೆ ಅಲ್ಲಿನ ನಾಟಕದ ಮಾಸ್ತರ್ ಸತ್ತ ವಿದ್ಯಾರ್ಥಿನಿಯ ಮೇಲೇ ಸಂಗೀತ ನಾಟಕ ಕಟ್ಟುತ್ತಾನೆ. ನಮಗೆ ನಗು ಬರಲಿಲ್ಲ. ಎರಡು ಕಂತಿಗೆ ಬಿಟ್ಟೆವು.

ಮೂವರಲ್ಲಿ ಚಿಕ್ಕವಳು ಅತಿಥಿ ಶಿಕ್ಷಕಿ, ಇದು ಮೊದಲ ವರ್ಷ. ಅವಳ ಆಯ್ಕೆ ಬೇರೆ. 'ಚಾಕ್'ನ ಹೊಸ ಇತಿಹಾಸ ಮಾಸ್ತರ್ ಗದ್ದಲದ ಕ್ಲಾಸಿನ ಮುಂದೆ ನಿಂತದ್ದನ್ನು ಹಿಂದೆ ಮಾಡಿ ಮತ್ತೊಮ್ಮೆ ನೋಡಿದಳು. "ಜೂನ್‌ದಾಗ ನಾನೂ ಹಿಂಗೇ ನಿಂತಿದ್ದೆ ಅಕ್ಕಾ, ಯಾರಿಗೂ ಹೇಳಿದ್ದಿಲ್ಲ" ಅಂದಳು. ಆಮೇಲೆ ಟಿವಿ ಆರಿಸಿ, ಚಹಾ ಇಟ್ಟು, ಅವಳ ಆ ಜೂನ್ ತಿಂಗಳ ಮಾತೇ ಕೇಳುತ್ತಾ ಕೂತೆವು.